ತುಮಕೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನುರಿತವರನ್ನು ಉಳಿಸಿಕೊಳ್ಳುವುದು ಹೇಗೆ?

ಬಟವಾಡಿ ಉದ್ಯಮಿ:
ತಿಪಟೂರಿನ ಕೊಬ್ಬರಿ ವರ್ತಕರಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಡುವ ಪುಟ್ಟ ಸಂಸ್ಥೆ ನಮ್ಮದು. ಇಲ್ಲಿಯ ಇಂಜಿನಿಯರಿಂಗ್ ಕಾಲೇಜುಗಳಿಂದ ಬಂದವರು ಕೆಲಸ ಕಲಿತು ಕೈ ಕುದುರುವ ಹೊತ್ತಿಗೆ ಬೆಂಗಳೂರಿನಿಂದ ಕರೆ ಬರುತ್ತದೆ. ಆ ಸಂಬಳಕ್ಕೆ ಸರಿಗಟ್ಟುವ ಶಕ್ತಿ ನಮಗಿಲ್ಲ. ಇಷ್ಟು ವರ್ಷ ಕೆಲಸ ಬಿಡುವುದಿಲ್ಲವೆಂದು ಬಾಂಡ್ ಬರೆಸಿಕೊಳ್ಳುವುದು ಸರಿಯೇ, ಅಥವಾ ಇಸಾಪ್ (ನೌಕರರಿಗೆ ಕಂಪನಿಯ ಷೇರು ಕೊಳ್ಳುವ ಹಕ್ಕು) ಕೊಡುವುದು ಮೇಲೇ? ಅನುಭವಿಗಳು ದಯವಿಟ್ಟು ತಿಳಿಸಿ.

ನೇಮಕಾತಿ ಸಲಹೆಗಾರ:
ಬಾಂಡಿನಲ್ಲಿ ಬರೆಸುವ, ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದೆಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ನಿಲ್ಲುವುದಿಲ್ಲ. ತರಬೇತಿಗೆ ನಿಜವಾಗಿ ಮಾಡಿದ ಖರ್ಚನ್ನು ನ್ಯಾಯವಾದ ಮಟ್ಟಿಗೆ ಕೇಳುವುದು ಬೇರೆ ಮಾತು, ಆದರೆ ಅದಕ್ಕೆ ದಾಖಲೆ ಬೇಕು. ಮೂಲ ಅಂಕಪಟ್ಟಿಗಳನ್ನು ಕಸಿದಿಟ್ಟುಕೊಳ್ಳುವ ಕೆಟ್ಟ ಚಾಳಿಗಂತೂ ಹೋಗಬೇಡಿ. ಸುದ್ದಿ ಕಿರಿಯ ವಿದ್ಯಾರ್ಥಿಗಳಿಗೆ ಮುಟ್ಟಿದರೆ ಮರುವರ್ಷ ನಿಮ್ಮ ಸಂದರ್ಶನಕ್ಕೆ ಯಾರೂ ಬರುವುದಿಲ್ಲ.

ಲೆಕ್ಕಪರಿಶೋಧಕ, ಶಿರಾ:
ಇಸಾಪ್ ಎಂದೊಡನೆ ಹುಡುಗರು ಉಳಿಯುತ್ತಾರೆಂದು ಭಾವಿಸುವವರು ಅದರ ತೆರಿಗೆಯ ಭಾಗವನ್ನು ಓದಿರುವುದಿಲ್ಲ. ಷೇರು ಕೊಳ್ಳುವ ಹಕ್ಕನ್ನು ಕೊಟ್ಟ ದಿನದಿಂದ ಅದು ಕೈಗೆ ದಕ್ಕುವುದಕ್ಕೆ ಕನಿಷ್ಠ 1 ವರ್ಷದ ಅಂತರವಿರಬೇಕು. ಸಾಮಾನ್ಯವಾಗಿ ಕಂಪನಿಗಳು ಅದನ್ನು 4 ವರ್ಷಗಳಿಗೆ ಹಂಚುತ್ತವೆ. ಆ ಹಕ್ಕನ್ನು ಬಳಸಿ ಷೇರು ಪಡೆದಾಗ, ಅಂದಿನ ಬೆಲೆಗೂ ನೌಕರ ಕೊಟ್ಟ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳದ ಆದಾಯವೆಂದೇ ಪರಿಗಣಿಸುವುದರಿಂದ, ಮಾರಲಾಗದ ಷೇರಿಗೆ ಜೇಬಿನಿಂದ ತೆರಿಗೆ ಕಟ್ಟುವ ಪರಿಸ್ಥಿತಿ ಬರುತ್ತದೆ. ಈ ತೆರಿಗೆಯನ್ನು ಮುಂದೂಡಲು 2020ರಲ್ಲಿ ಬಂದ ಸೌಲಭ್ಯ, ತೆರಿಗೆ ವಿನಾಯಿತಿಯ ಪ್ರಮಾಣಪತ್ರ ಪಡೆದ ಸ್ಟಾರ್ಟಪ್‌ಗಳಿಗೆ ಮಾತ್ರ. ಆದ್ದರಿಂದ ಎಷ್ಟು ಷೇರು, ಒಟ್ಟು ಷೇರುಗಳಲ್ಲಿ ಅದರ ಪಾಲೆಷ್ಟು, ಕೆಲಸ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನೇಮಕಾತಿ ಪತ್ರದಲ್ಲೇ ಬರೆಯಿರಿ. ಅಂದಹಾಗೆ, ನಿಮ್ಮದು ಷೇರುಗಳೇ ಇಲ್ಲದ ಎಲ್‌ಎಲ್‌ಪಿಯಾಗಿದ್ದರೆ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಈ ದಾರಿಯೇ ಇಲ್ಲ.

ರೈಲಿನ ದಿನಯಾತ್ರಿ:
ನಾನು ಮೊದಲ ಕೆಲಸ ಬಿಟ್ಟದ್ದು ಹಣಕ್ಕಾಗಿ ಅಲ್ಲ. ಬರೆದ ಕೋಡನ್ನು ನೋಡಿ ತಿದ್ದಿ ಹೇಳುವ ಹಿರಿಯರು ಅಲ್ಲಿರಲಿಲ್ಲ. ಹೊಸಬರ ಹಿಂದೆ ಓಡುವ ಮುಂಚೆ ಅಂಥ ಒಬ್ಬರನ್ನು ಹುಡುಕಿ. ತುಮಕೂರಿನಲ್ಲೇ ಮನೆ, ಮಕ್ಕಳ ಶಾಲೆ ಎಲ್ಲವನ್ನೂ ಇಟ್ಟುಕೊಂಡು ದಿನವೂ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿಬರುವ, ಹತ್ತು ವರ್ಷ ಅನುಭವವಿರುವ ಎಷ್ಟೋ ಜನರನ್ನು ನಮ್ಮ ಬೋಗಿಯಲ್ಲೇ ಕಾಣುತ್ತೇನೆ. ಸಂಬಳ ಸ್ವಲ್ಪ ಕಡಿಮೆಯಾದರೂ ಸಂಜೆ ಬೆಳಕಿರುವಾಗಲೇ ಮನೆ ಸೇರುವ ಕೆಲಸವನ್ನು ಅವರಲ್ಲಿ ಕೆಲವರಾದರೂ ಒಪ್ಪಿಯಾರು.

ಬಟವಾಡಿ ಉದ್ಯಮಿ:
ಎಲ್ಲರಿಗೂ ವಂದನೆಗಳು. ನಮ್ಮದು ಎಲ್‌ಎಲ್‌ಪಿಯೇ ಆದ್ದರಿಂದ ಇಸಾಪ್ ಸದ್ಯಕ್ಕೆ ಬದಿಗಿರಲಿ. ಬಾಂಡನ್ನೂ ಕೈಬಿಟ್ಟಿದ್ದೇನೆ. ದಿನಯಾತ್ರಿಗಳೇ, ನಿಮ್ಮ ಬೋಗಿಯವರಿಗೆ ನಮ್ಮ ವಿಷಯ ತಿಳಿಸಲು ಸಾಧ್ಯವೇ?