ಅಪ್‌ಡೇಟ್: ಅಮ್ಮನ ಜೊತೆ ಕುದುರೆಮುಖಕ್ಕೆ ಹೋಗಿ ಬಂದೆವು

ಕುದುರೆಮುಖದ ಕಾಡಿನಲ್ಲಿ ಟೆಂಟ್ ಹಾಕಿಕೊಂಡು, ಗೈಡ್ ಜೊತೆ ಕೆಲವು ದಿನ ನಡೆಯಬಹುದಾ, ಮಂಡಿನೋವಿರುವ ಅಮ್ಮನಿಗೆ ಆಗುತ್ತದಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದಂತೆ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ಉಳಿಯಲು ಬಿಡುವುದಿಲ್ಲ. ಅದಕ್ಕೇ ಕಳಸದ ಹತ್ತಿರ ಹೋಂಸ್ಟೇನಲ್ಲಿದ್ದು ಒಂದು ದಿನ ಕುದುರೆಮುಖ, ನಡುವೆ ಬಿಡುವು, ಆಮೇಲೆ ಕುರಿಂಜಲ್ ಬೆಟ್ಟ ಅಂತ ಹಂಚಿಕೊಂಡೆವು. ಅರಣ್ಯ ಇಲಾಖೆಯ ಪರ್ಮಿಟ್ ಆನ್‌ಲೈನಿನಲ್ಲಿ ಮೊದಲೇ ಮಾಡಿಸಿದ್ದೆವು.

ಮುಳ್ಳೋಡಿ ಕಡೆಯಿಂದ ಕುದುರೆಮುಖಕ್ಕೆ ಹೋಗಿ ಬರಲು ಸುಮಾರು 20 ಕಿ.ಮೀ. ಅಮ್ಮ ದಾರಿಯಲ್ಲಿ ಸಿಗುವ ಒಂಟಿಮರ ಅನ್ನುವ ಜಾಗದವರೆಗೆ ಬಂದು, ಸಾಕು ಅಂದರು. ನಮ್ಮ ಗೈಡ್ ಅದೇ ಊರಿನವರು, ಅವಸರವೇ ಇಲ್ಲ. ಗುಡ್ಡದ ಮೇಲೆಲ್ಲ ಹುಲ್ಲು, ಕಣಿವೆಯಲ್ಲಿ ಮಾತ್ರ ಕಾಡು ಯಾಕೆ ಅಂತ ನಿಂತು ವಿವರಿಸಿದರು. ಕಣಿವೆಯ ಈ ಕಾಡಿಗೆ ಶೋಲಾ ಅಂತಾರೆ. ಶೋಲಾ, ಹುಲ್ಲು ಎರಡೂ ಸೇರಿ ಮಳೆನೀರನ್ನು ಸ್ಪಂಜಿನ ಹಾಗೆ ಹಿಡಿದು, ಬೇಸಿಗೆಯಲ್ಲೂ ಹಳ್ಳಕ್ಕೆ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ. ತರೀಕೆರೆಯ ನಮ್ಮ ಮನೆಯವರೆಲ್ಲ ಭದ್ರಾ ನೀರು ನಂಬಿದವರು, ಅಮ್ಮನಿಗೆ ಇದು ತುಂಬಾ ಹಿಡಿಸಿತು. ಇದೇ ಬೆಟ್ಟಗಳಲ್ಲಿ 2005ರ ಕೊನೆಯವರೆಗೂ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಿಂದ ನಿಂತಿದ್ದು ಎಷ್ಟು ಒಳ್ಳೆಯದಾಯಿತು ಅಲ್ವಾ!

ಇಂಬಳಕ್ಕೆ (ಜಿಗಣೆಗೆ) ಉಪ್ಪಿನ ಗಂಟು ಸಾಕಾಯಿತು. ಮಂಡಿನೋವಿದ್ದವರಿಗೆ ಕುರಿಂಜಲ್ಲೇ ಮೇಲು, ದಾರಿ ಚಿಕ್ಕದು. ಅಮ್ಮ ಅದನ್ನು ಪೂರ್ತಿ ಹತ್ತಿದರು.