ಕ್ರಯಪತ್ರಕ್ಕೆ ಮುನ್ನ ಉಳಿದುಕೊಂಡ ದೋಷಗಳು: ಕೊನೆಯ ಕಂತು ಕಟ್ಟಬೇಕೇ, ತಡೆಹಿಡಿಯಬೇಕೇ?

ಪ್ರಶ್ನೆ: ಕನಕಪುರ ರಸ್ತೆಯ ಖರೀದಿದಾರ

ಮಾನ್ಯರೇ, ಬೆಂಗಳೂರಿನ ಕನಕಪುರ ರಸ್ತೆಯ ಬಳಿ ಹೊಸದಾಗಿ ಕಟ್ಟಿರುವ ಅಪಾರ್ಟ್‌ಮೆಂಟಿನಲ್ಲಿ ಒಂದು ಫ್ಲ್ಯಾಟ್ ಕೊಂಡಿದ್ದೇವೆ. ಕಳೆದ ತಿಂಗಳು ಓಸಿ (ಕಟ್ಟಡದಲ್ಲಿ ವಾಸಿಸಬಹುದೆಂದು ಸ್ಥಳೀಯ ಸಂಸ್ಥೆ ಕೊಡುವ ಪ್ರಮಾಣಪತ್ರ) ಬಂದಿದ್ದು, ಉಳಿದಿರುವ ಶೇಕಡ 5ರಷ್ಟು ಹಣ ಕಟ್ಟಿ ಕ್ರಯಪತ್ರ ನೋಂದಾಯಿಸಿಕೊಂಡು ಕೀಲಿ ಪಡೆಯಬೇಕೆಂದು ಬಿಲ್ಡರ್ ಪತ್ರ ಕಳುಹಿಸಿದ್ದಾರೆ. ಆದರೆ ಮನೆಯನ್ನು ನೋಡಲು ಹೋದಾಗ ಸ್ನಾನದ ಕೋಣೆಗೆ ತಾಗಿದ ಮಲಗುವ ಕೋಣೆಯ ಗೋಡೆಯಲ್ಲಿ ಸ್ಕರ್ಟಿಂಗ್ (ಗೋಡೆಯ ಬುಡದ ಟೈಲ್ಸ್ ಪಟ್ಟಿ) ಮೇಲೆ ತೇವದ ಕಲೆ, ಹಾಲ್‌ನಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುವ ಹಲವು ಟೈಲ್ಸ್, ನೀರು ಜಾಲಿಯ ಕಡೆಗೆ ಹೋಗದೆ ಬಾಗಿಲಿನತ್ತ ಹರಿಯುವ ಬಾಲ್ಕನಿ, ಗೋಡೆಗಳಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. "ಎಲ್ಲವನ್ನೂ ನೋಂದಣಿಯಾದ ಮೇಲೆ ಸರಿಪಡಿಸಿಕೊಡುತ್ತೇವೆ" ಎಂಬುದು ಅವರ ಮಾತು. ಬಾಡಿಗೆ ಮತ್ತು ಸಾಲದ ಕಂತು ಎರಡನ್ನೂ ಭರಿಸುತ್ತಿರುವುದರಿಂದ ಹೆಚ್ಚು ದಿನ ಕಾಯುವ ಸ್ಥಿತಿಯಲ್ಲಿಯೂ ನಾವಿಲ್ಲ. ಹಣ ಕಟ್ಟಿ ನೋಂದಣಿ ಮಾಡಿಸಿಕೊಂಡರೆ ನಮ್ಮ ಹಕ್ಕು ಅಲ್ಲಿಗೇ ಮುಗಿಯುತ್ತದೆಯೇ?

ಉತ್ತರ: ಸಿವಿಲ್ ಇಂಜಿನಿಯರ್

ನೀವು ಹೇಳಿದ ದೋಷಗಳೆಲ್ಲ ಒಂದೇ ತೂಕದವಲ್ಲ. ಪ್ಲಾಸ್ಟರ್ ಒಣಗುವಾಗ ಬರುವ ಕೂದಲೆಳೆ ಬಿರುಕುಗಳು ಹೊಸ ಮನೆಗಳಲ್ಲಿ ಸಾಮಾನ್ಯ. ಪುಟ್ಟಿ ತುಂಬಿ ಬಣ್ಣ ಬಳಿದರೆ ಸಾಕು. ಕಾಂಕ್ರೀಟ್ ಕಂಬ ಮತ್ತು ಬ್ಲಾಕ್ ಗೋಡೆ ಕೂಡುವ ಕಡೆ ನೇರವಾಗಿ ಇಳಿದ ಬಿರುಕಾದರೆ ಅಲ್ಲಿ ಜಾಲರಿ ಹಾಕಿ ಮತ್ತೆ ಗಾರೆ ಮಾಡಬೇಕಾಗುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ದಿನೇ ದಿನೇ ಅಗಲವಾಗುತ್ತಿರುವ ಬಿರುಕು ಕಂಡರೆ ಮಾತ್ರ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಗೆ ತೋರಿಸದೆ ಮುಂದುವರಿಯಬೇಡಿ.

ನನ್ನ ದೃಷ್ಟಿಯಲ್ಲಿ ನಿಮ್ಮ ಪಟ್ಟಿಯಲ್ಲಿ ಗಂಭೀರವಾದದ್ದು ತೇವದ ಕಲೆ. ಸ್ನಾನದ ಕೋಣೆಯ ಜಾಲಿಯನ್ನು ಮುಚ್ಚಿ, ನೆಲದ ಮೇಲೆ ನೀರು ಕಟ್ಟಿ, ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಹಾಗೆಯೇ ಬಿಡಿ. ಬಳಿಕ ಪಕ್ಕದ ಗೋಡೆಯನ್ನೂ ಕೆಳಗಿನ ಮನೆಯವರ ಅನುಮತಿ ಪಡೆದು ಅವರ ಸ್ನಾನದ ಕೋಣೆಯ ಛಾವಣಿಯನ್ನೂ ಪರೀಕ್ಷಿಸಿ. ನೀರು ಇಳಿದಿದ್ದರೆ ಟೈಲ್ಸ್ ಎಬ್ಬಿಸಿ ವಾಟರ್‌ಪ್ರೂಫಿಂಗ್ ಹೊಸದಾಗಿ ಮಾಡಬೇಕು, ಕಲೆಯ ಮೇಲೆ ಬಣ್ಣ ಬಳಿಯುವುದು ರಿಪೇರಿಯಲ್ಲ. ನೀರು ನಿಲ್ಲಿಸಿದರೂ ಕೆಳಗೆ ಏನೂ ಕಾಣದೆ ಗೋಡೆ ಮಾತ್ರ ತೇವವಾಗಿದ್ದರೆ ಗೋಡೆಯೊಳಗಿನ ಪೈಪಿನ ಜೋಡಣೆಯನ್ನು ಅನುಮಾನಿಸಬೇಕು. ಆಗ ಒತ್ತಡದ ಪರೀಕ್ಷೆ ಮಾಡಿಸಿರೆಂದು ಕೇಳಿ. ಬಾಲ್ಕನಿಯ ವಾಟ (ನೀರು ಹರಿಯುವ ಇಳಿಜಾರು) ತಪ್ಪಿದ್ದರೆ ಮೇಲ್ಪದರ ಕೆತ್ತಿ ಮತ್ತೆ ಹಾಸದೆ ಬೇರೆ ದಾರಿಯಿಲ್ಲ. ಈ ಎರಡು ಕೆಲಸಗಳು ಮುಗಿಯುವ ತನಕ ವಾರ್ಡ್‌ರೋಬ್, ಫಾಲ್ಸ್ ಸೀಲಿಂಗ್ ಮೊದಲಾದ ಒಳಾಂಗಣ ಕೆಲಸವನ್ನು ಆರಂಭಿಸಲೇಬೇಡಿ, ಏಕೆಂದರೆ ನಿಮ್ಮ ಬಡಗಿ ಕೊರೆದ ತೂತಿನಿಂದಲೇ ಸೋರಿಕೆ ಬಂತೆಂದು ನಾಳೆ ವಾದಿಸುವುದು ಬಿಲ್ಡರ್‌ಗೆ ಬಹಳ ಸುಲಭ.

ಉತ್ತರ: ವಕೀಲ

ನಿಮ್ಮ ಕೊನೆಯ ಪ್ರಶ್ನೆಗೆ ನೇರ ಉತ್ತರ: ಮುಗಿಯುವುದಿಲ್ಲ. 2016ರ ರೇರಾ ಕಾಯ್ದೆಯ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಕಲಂ 14(3)ರ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷಗಳೊಳಗೆ ಕಟ್ಟಡದ ರಚನೆ, ಕಾಮಗಾರಿ, ಗುಣಮಟ್ಟ ಅಥವಾ ಸೌಲಭ್ಯಗಳಲ್ಲಿನ ದೋಷವನ್ನು ಖರೀದಿದಾರ ಗಮನಕ್ಕೆ ತಂದರೆ, ಬಿಲ್ಡರ್ ಅದನ್ನು 30 ದಿನಗಳೊಳಗೆ ಹೆಚ್ಚುವರಿ ಹಣ ಪಡೆಯದೆ ಸರಿಪಡಿಸಬೇಕು; ತಪ್ಪಿದರೆ ಪರಿಹಾರ ಕೊಡಬೇಕು. ಅವಧಿಯ ಲೆಕ್ಕವೇ ಸ್ವಾಧೀನದಿಂದ ಆರಂಭವಾಗುವಾಗ, ಕೀಲಿ ಪಡೆದ ಮಾತ್ರಕ್ಕೆ ಹಕ್ಕು ಹೋಯಿತೆನ್ನುವ ವಾದ ನಿಲ್ಲುವುದಿಲ್ಲ. ನಮ್ಮ ಬೇಗೂರಿನ ಕಡೆಯ ಒಂದು ವಸತಿ ಯೋಜನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ, ಮನೆಯ ಸ್ವಾಧೀನ ಪಡೆದು ಕ್ರಯಪತ್ರ ಮಾಡಿಸಿಕೊಂಡವರೂ ವಿಳಂಬಕ್ಕೆ ಪರಿಹಾರ ಕೇಳಬಹುದೆಂದು ಹೇಳಿದೆ. ಅದು ದೋಷದ ಪ್ರಕರಣವಲ್ಲದಿದ್ದರೂ ಅದರ ತರ್ಕ ನಿಮ್ಮ ಪರವಾಗಿಯೇ ಇದೆ.

ಇನ್ನೊಂದು ಮಗ್ಗುಲನ್ನೂ ಗಮನಿಸಿ. ಓಸಿ ಬಂದ ಎರಡು ತಿಂಗಳೊಳಗೆ ಖರೀದಿದಾರ ಸ್ವಾಧೀನ ಪಡೆಯಬೇಕೆಂದು ಕಲಂ 19(10) ಹೇಳುತ್ತದೆ, ಮತ್ತು ಕಟ್ಟಬೇಕಾದ ಹಣ ತಡವಾದರೆ ಖರೀದಿದಾರನೂ ಬಡ್ಡಿ ಕೊಡಬೇಕಾಗುತ್ತದೆ. ಆದ್ದರಿಂದ ಏನೂ ಬರೆಯದೆ ಸುಮ್ಮನೆ ಕಂತು ನಿಲ್ಲಿಸುವುದು ಅಪಾಯದ ನಡೆ. ದೋಷಗಳ ಪಟ್ಟಿಯನ್ನು ಫೋಟೋ ಸಹಿತ ಇಮೇಲ್‌ನಲ್ಲಿ ಕಳುಹಿಸಿ, ಪ್ರತಿಯೊಂದಕ್ಕೂ ದಿನಾಂಕ ಕೇಳಿ. ಓಸಿಯ ಪ್ರತಿಯನ್ನು ತರಿಸಿಕೊಂಡು, ಅದು ನಿಮ್ಮ ಟವರ್‌ಗೂ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ. ಒಂದೇ ಯೋಜನೆಯಲ್ಲಿ ಕೆಲವು ಟವರ್‌ಗಳಿಗೆ ಮಾತ್ರ ಭಾಗಶಃ ಓಸಿ ದೊರೆತಿರುವುದುಂಟು.

ಉತ್ತರ: ನಿವಾಸಿಗಳ ಸಂಘದ ಪದಾಧಿಕಾರಿ

ವಕೀಲರು ಹೇಳಿದ ಕಾನೂನು ಸರಿ. ಆದರೆ ವ್ಯವಹಾರದಲ್ಲಿ, ಕೊನೆಯ ಕಂತು ಕೈಸೇರಿದ ಮೇಲೆ ಬಿಲ್ಡರ್ ಕಡೆಯ ಮೇಸ್ತ್ರಿ ನಿಮ್ಮ ಫೋನ್ ಎತ್ತುವುದು ಕಡಿಮೆಯಾಗುತ್ತದೆ ಎಂಬುದನ್ನು ನಮ್ಮ ಸಂಘದಲ್ಲಿ ಮನೆ ಮನೆಯವರಿಂದಲೂ ಕೇಳಿದ್ದೇನೆ. ರೇರಾ ಪ್ರಾಧಿಕಾರಕ್ಕೆ ದೂರು ಕೊಟ್ಟು ಆದೇಶ ಪಡೆಯುವುದು ಒಂದು ಕೆಲಸ, ಆ ಆದೇಶವನ್ನು ಜಾರಿ ಮಾಡಿಸುವುದು ಮತ್ತೊಂದು. ಆದ್ದರಿಂದ ಹಣವನ್ನು ಏಕಪಕ್ಷೀಯವಾಗಿ ತಡೆಯುವ ಬದಲು, ನೋಂದಣಿಯ ದಿನವನ್ನೇ ಎರಡು ಮೂರು ವಾರ ಮುಂದಕ್ಕೆ ಹಾಕಿಸಿ, ಅಷ್ಟರೊಳಗೆ ಸ್ನಾನದ ಕೋಣೆ ಮತ್ತು ಬಾಲ್ಕನಿಯ ಕೆಲಸ ಮುಗಿಸುವಂತೆ ಬರಹದಲ್ಲಿ ಒಪ್ಪಿಸಿ. ಆ ಅವಧಿಗೆ ಬಡ್ಡಿ ಹಾಕುವುದಿಲ್ಲವೆಂದೂ ಬರೆಸಿ. ಅವರಿಗೂ ಕೊನೆಯ ಹಣ ಬೇಕಾಗಿರುವುದರಿಂದ ಇದಕ್ಕೆ ಒಪ್ಪುವ ಸಾಧ್ಯತೆ ಹೆಚ್ಚು. ಟೈಲ್ಸ್, ಬಿರುಕು, ಬಣ್ಣ ನಂತರಕ್ಕೂ ಉಳಿಯಬಹುದು. ನಿರ್ವಹಣಾ ಶುಲ್ಕ ಯಾವ ದಿನದಿಂದ ಆರಂಭವಾಗುತ್ತದೆ ಎಂಬುದನ್ನೂ ಅದೇ ಪತ್ರದಲ್ಲಿ ಸ್ಪಷ್ಟಪಡಿಸಿಕೊಳ್ಳಿ, ಇಲ್ಲವಾದರೆ ಸ್ವಾಧೀನದ ಪತ್ರ ಬಂದ ದಿನದಿಂದಲೇ ಬಿಲ್ ಕಳುಹಿಸುತ್ತಾರೆ.

ಕನಕಪುರ ರಸ್ತೆಯ ಖರೀದಿದಾರ

ಎಲ್ಲರಿಗೂ ಧನ್ಯವಾದಗಳು. ನೋಂದಣಿಯನ್ನು ಮುಂದಕ್ಕೆ ಹಾಕುವಂತೆ ಇಂದೇ ಬರೆಯುತ್ತೇನೆ. ಒಂದು ಸಂಶಯ ಉಳಿದಿದೆ. ಕೀಲಿ ಕೊಡುವಾಗ ಸಹಿ ಹಾಕಬೇಕಾದ ಪತ್ರದ ಮಾದರಿಯಲ್ಲಿ, "ಮನೆಯನ್ನು ಪರಿಶೀಲಿಸಿ ಸಂಪೂರ್ಣ ತೃಪ್ತನಾಗಿದ್ದೇನೆ, ಮುಂದೆ ಯಾವುದೇ ತಕರಾರು ಇರುವುದಿಲ್ಲ" ಎಂಬ ಸಾಲಿದೆ. ಮಾದರಿಯನ್ನು ಬದಲಿಸಲು ಅವಕಾಶವಿಲ್ಲ ಎನ್ನುತ್ತಿದ್ದಾರೆ.

ಉತ್ತರ: ವಕೀಲ

ಆ ಸಾಲಿಗೆ ಹಾಗೆಯೇ ಸಹಿ ಹಾಕಬೇಡಿ. ಕಾಯ್ದೆ ಕೊಟ್ಟ ಹಕ್ಕನ್ನು ಅದೊಂದೇ ಸಾಲು ಕಸಿದುಕೊಳ್ಳಲಾರದು, ಆದರೂ ದೂರಿನ ವಿಚಾರಣೆಯಲ್ಲಿ ಬಿಲ್ಡರ್ ಮೊದಲು ತೋರಿಸುವ ಕಾಗದ ಅದೇ ಆಗಿರುತ್ತದೆ. ಮಾದರಿಯನ್ನು ಬದಲಿಸದಿದ್ದರೆ ಸಹಿಯ ಮೇಲೆ ನಿಮ್ಮ ಕೈಯಿಂದಲೇ, "ಇಂಥ ದಿನಾಂಕದ ಇಮೇಲ್‌ನಲ್ಲಿ ತಿಳಿಸಿರುವ ದೋಷಗಳಿಗೆ ಒಳಪಟ್ಟು, ಕಲಂ 14(3)ರ ಹಕ್ಕನ್ನು ಉಳಿಸಿಕೊಂಡು ಸ್ವಾಧೀನ ಪಡೆದಿದ್ದೇನೆ" ಎಂದು ಬರೆದು, ಆ ಪುಟದ ಫೋಟೋ ತೆಗೆದುಕೊಂಡು, ಅಂದೇ ಅವರಿಗೆ ಇಮೇಲ್ ಮಾಡಿ. ಹಾಗೆ ಬರೆದರೆ ಕೀಲಿ ಕೊಡುವುದಿಲ್ಲವೆಂದು ಅವರು ಹೇಳಿದಲ್ಲಿ, ಕಾರಣವನ್ನು ಬರಹದಲ್ಲಿ ಕೊಡುವಂತೆ ಕೇಳಿ. ಸ್ವಾಧೀನ ತಡವಾದದ್ದು ಯಾರಿಂದ ಎಂಬ ಪ್ರಶ್ನೆ ಮುಂದೆ ಬಂದಾಗ ಆ ಪತ್ರ ನಿಮ್ಮ ಪರ ಸಾಕ್ಷ್ಯವಾಗುತ್ತದೆ.