ಬೈಕ್‌ನಲ್ಲಿ ಗಡಿ ದಾಟುವಾಗ ಖರೀದಿಯ ಘೋಷಣೆ

ಪ್ರಶ್ನೆ: ನೆರೆದೇಶಕ್ಕೆ ಬೈಕ್‌ನಲ್ಲಿ ಹೋಗಿ ಜಾಕೆಟ್ ಮತ್ತು ಟೈರ್‌ಗಳನ್ನು ಕೊಳ್ಳಬೇಕೆಂದಿದ್ದೇನೆ. ಜಾಕೆಟ್ ತೊಟ್ಟು, ಟೈರ್‌ಗಳನ್ನು ಅಲ್ಲೇ ಹಾಕಿಸಿಕೊಂಡು ಮರಳಿದರೂ ಕಸ್ಟಮ್ಸ್‌ನಲ್ಲಿ ಘೋಷಿಸಬೇಕೇ?

ಉತ್ತರ 1: ಸಾಮಾನ್ಯವಾಗಿ ಘೋಷಿಸಬೇಕು. ವಸ್ತು ಚೀಲದಲ್ಲಿದೆಯೋ, ಮೈಮೇಲಿದೆಯೋ, ಗಾಡಿಗೆ ಜೋಡಿಸಲಾಗಿದೆಯೋ ಎಂಬುದಕ್ಕಿಂತ, ಅದನ್ನು ಹೊರದೇಶದಲ್ಲಿ ಕೊಂಡಿರಿ ಎಂಬುದೇ ಇಲ್ಲಿ ಮುಖ್ಯ. ಟೈರ್‌ನ ಪಕ್ಕದಲ್ಲಿರುವ ಸಂಕೇತದ ಕೊನೆಯ 4 ಅಂಕೆಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಹೊಸ ಟೈರ್‌ನ ಮೇಲಿನ ಸಣ್ಣ ರಬ್ಬರ್ ಎಳೆಗಳೂ ಇನ್ನೂ ಸವೆದಿರುವುದಿಲ್ಲ, ಹಾಗಾಗಿ ಅದು ಹೊಸದೆಂದು ಅಧಿಕಾರಿಗಳಿಗೆ ಸುಲಭವಾಗಿ ತಿಳಿಯುತ್ತದೆ. ಘೋಷಿಸಿದ ಮಾತ್ರಕ್ಕೆ ಸುಂಕ ಕಟ್ಟಲೇಬೇಕೆಂದೇನೂ ಇಲ್ಲ, ವಿನಾಯಿತಿಯ ಮಿತಿಯೊಳಗಿದ್ದರೆ ಹಾಗೆಯೇ ಬಿಡುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮಾತ್ರ ದಂಡದ ಜೊತೆಗೆ ವಸ್ತುವಿನ ಮುಟ್ಟುಗೋಲು, ಕೆಲವು ದೇಶಗಳಲ್ಲಿ ವಾಹನದ ಮುಟ್ಟುಗೋಲೂ ಆಗಬಹುದು.

ಉತ್ತರ 2: ರಸೀದಿಗಳನ್ನು ನೀರು ತಾಗದ ಕವರ್‌ನಲ್ಲಿ ಹಾಕಿ, ಟ್ಯಾಂಕ್ ಬ್ಯಾಗ್‌ನ ಮೇಲ್ಭಾಗದಲ್ಲಿಯೇ ಇಟ್ಟುಕೊಳ್ಳಿ. ರಸೀದಿಯ ಥರ್ಮಲ್ ಕಾಗದದ ಅಕ್ಷರಗಳು ಬಿಸಿಲಿಗೆ ಮಾಸಿಬಿಡುವುದರಿಂದ ಮೊದಲೇ ಫೋಟೊ ತೆಗೆದಿಡುವುದು ಒಳ್ಳೆಯದು.

ಉತ್ತರ 3: ಜೊತೆಗೆ ಒಯ್ಯುವ ಹಳೆಯ ಕ್ಯಾಮೆರಾ, ಹೆಲ್ಮೆಟ್‌ನ ಇಂಟರ್‌ಕಾಮ್‌ಗಳ ಕ್ರಮಸಂಖ್ಯೆಯನ್ನು ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ದಾಖಲಿಸುವ ಅವಕಾಶ ಅನೇಕ ದೇಶಗಳಲ್ಲಿದೆ. ಅದನ್ನು ಮಾಡಿಸಿಕೊಂಡರೆ, ಮರಳುವಾಗ ಅವು ಹೊಸ ಖರೀದಿಯಲ್ಲವೆಂದು ವಾದಿಸುವ ಪ್ರಮೇಯವೇ ಬರುವುದಿಲ್ಲ.